ನಡು ಮಡಚಿದ ಕೋವಿ: ಮಗುವನ್ನು ಮೊದಲ ಸಲ ಕ್ಲೇ ಶೂಟಿಂಗ್‌ಗೆ ಕರೆದೊಯ್ಯುವ ಮುನ್ನ

ಕಳೆದ ಬೇಸಿಗೆಯಲ್ಲಿ ಒಂದು ಶನಿವಾರ ತಂಗಿ ಫೋನ್ ಮಾಡಿದಳು. ಅವಳು ಇರುವುದು ಇಂಗ್ಲೆಂಡಿನಲ್ಲಿ, ಪೇಟೆಯಿಂದ ಸ್ವಲ್ಪ ಹೊರಗೆ, ಹೊಲಗಳ ಮಧ್ಯೆ. "ಅಣ್ಣ, ಇವನ ಕ್ಲಾಸಿನ ಹುಡುಗನ ಮನೆಯವರು ಮುಂದಿನ ವಾರ ಕ್ಲೇ ಶೂಟಿಂಗ್‌ಗೆ ಕರೆದುಕೊಂಡು ಹೋಗ್ತಾರಂತೆ. ಜೇಡಿಮಣ್ಣಲ್ಲಿ ಏನೋ ಮಾಡಿಸಿ ಫೋಟೋ ಶೂಟ್ ಮಾಡ್ತಾರೆ ಅಂದ್ಕೊಂಡು ಹೂಂ ಅಂದುಬಿಟ್ಟೆ. ಈಗ ನೋಡಿದ್ರೆ ಕೋವಿಯಂತೆ!"

ಹುಡುಗನಿಗೆ ಒಂಬತ್ತು ವರ್ಷ.

ನಮಗೆ ಕೋವಿ ಹೊಸದೇನಲ್ಲ. ಮಲೆನಾಡಿನ ಮನೆ ನಮ್ಮದು. ಅಜ್ಜನ ಹತ್ತಿರ ಜೋಡು ನಳಿಗೆ ಕೋವಿ ಇತ್ತು. ಪ್ರತಿ ಚುನಾವಣೆ ಬಂದಾಗಲೂ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಮಕ್ಕಳು ಅದರ ಹತ್ತಿರ ಸುಳಿಯುವಂತಿರಲಿಲ್ಲ, ಅಷ್ಟೇ ನಮ್ಮ ತರಬೇತಿ. ಆದರೆ ಅದನ್ನು ಆಟವಾಗಿ ಮಕ್ಕಳಿಗೆ ಕಲಿಸುತ್ತಾರೆ ಅಂದರೆ? ಕಳಿಸಬೇಕಾ, ಬೇಡವಾ? ಕಳಿಸುವುದಾದರೆ ಏನು ಕೇಳಬೇಕು? ಅವಳಿಗೆ ಅವತ್ತು ಹೇಳಿದ್ದನ್ನೂ ಆಮೇಲೆ ಹುಡುಕಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಬ್ರಿಟನ್ನಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಇಂಥ ಕರೆ ಯಾವತ್ತಾದರೂ ಬರಬಹುದು.

ಮಣ್ಣೂ ಅಲ್ಲ, ಪಾರಿವಾಳವೂ ಅಲ್ಲ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಕ್ಲೇ ಅಂದರೆ ಇಲ್ಲಿ ಒಂದು ಪುಟ್ಟ ಬಿಲ್ಲೆ. ಮಗುಚಿ ಹಾಕಿದ ಸಣ್ಣ ತಟ್ಟೆಯ ಹಾಗೆ ಇರುತ್ತದೆ. ಅಡ್ಡಳತೆ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಸುಣ್ಣದ ಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಬೆರೆಸಿ ಅಚ್ಚು ಹಾಕಿರುತ್ತಾರೆ. ಮೇಲೆ ಕಿತ್ತಳೆ ಬಣ್ಣ ಬಳಿದಿರುವುದು ಜಾಸ್ತಿ. ಕೈ ತಪ್ಪಿ ಕಲ್ಲಿನ ಮೇಲೆ ಬಿದ್ದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಮಣ್ಣು ಒಂದು ಚೂರೂ ಇಲ್ಲ.

ಹಾಗಾದರೆ ಆ ಹೆಸರು ಯಾಕೆ? ಹಿಂದೆ ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಹಗ್ಗ ಎಳೆದು ಮುಚ್ಚಳ ತೆರೆದು, ಹಾರಿದ ಹಕ್ಕಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತಿತ್ತು. 1900ರ ಪ್ಯಾರಿಸ್ ಕ್ರೀಡೆಗಳಲ್ಲೂ ಅದು ನಡೆದಿತ್ತು. ಅದಕ್ಕೆ ಬದಲಾಗಿ ಮೊದಲು ಗಾಜಿನ ಚೆಂಡುಗಳು ಬಂದವು. 1880ರ ಹೊತ್ತಿಗೆ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್ಸ್ಕಿ ಸುಟ್ಟ ಮಣ್ಣಿನ ಬಿಲ್ಲೆ ತಂದ. ಅದು ಎಷ್ಟು ಗಟ್ಟಿ ಅಂದರೆ ಚರೆ (ಕೋವಿಯ ಪುಟ್ಟ ಗುಂಡು) ತಗುಲಿದರೂ ಒಡೆಯದೆ ಟಣ್ ಅನ್ನುತ್ತಿತ್ತಂತೆ. ಹಾಗಾಗಿ ಮಣ್ಣು ಹೋಯಿತು, ಹೆಸರು ಉಳಿಯಿತು. ಬ್ರಿಟನ್ 1921ರಲ್ಲಿ ಕಾನೂನು ಮಾಡಿ, ಹಿಡಿದಿಟ್ಟ ಹಕ್ಕಿಗಳನ್ನು ಹಾರಿಬಿಟ್ಟು ಹೊಡೆಯುವುದನ್ನು ನಿಲ್ಲಿಸಿತು. ಬಿಲ್ಲೆ ಎಸೆಯುವ ಯಂತ್ರಕ್ಕೆ ಇವತ್ತಿಗೂ ಟ್ರ್ಯಾಪ್ ಅಂತಲೇ ಹೆಸರು. ಎಸೆಯಿರಿ ಅನ್ನಲು ಇವತ್ತಿಗೂ "ಪುಲ್" ಅಂತಲೇ ಕೂಗುತ್ತಾರೆ. ಹಗ್ಗ ಮಾತ್ರ ಇಲ್ಲ, ಬಟನ್ ಇದೆ.

ಒಲಿಂಪಿಕ್ಸಿನಲ್ಲಿ ನೋಡುವ ಟ್ರ್ಯಾಪ್ ಮತ್ತು ಸ್ಕೀಟ್ ಇದೇ ಆಟದ ಎರಡು ಬಗೆ. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ತಂದದ್ದು ಒಂದೇ ಸಲಕ್ಕೆ ಎರಡು ಬಿಲ್ಲೆ ಹಾರಿಸುವ ಡಬಲ್ ಟ್ರ್ಯಾಪ್‌ನಲ್ಲಿ. ಮಕ್ಕಳು ಮೊದಲ ದಿನ ಆಡುವುದಕ್ಕೂ ಇದಕ್ಕೂ ಗಲ್ಲಿ ಕ್ರಿಕೆಟ್ಟಿಗೂ ಟೆಸ್ಟ್ ಮ್ಯಾಚಿಗೂ ಇರುವಷ್ಟು ದೂರ.

ಮದುವೆ ಮನೆಯ ಅಕ್ಷತೆ

ಈ ಆಟದ ಕೋವಿಗೆ ಶಾಟ್‌ಗನ್ ಅನ್ನುತ್ತಾರೆ. ರೈಫಲ್ಲಿನಿಂದ ಹೊರಡುವುದು ಒಂದೇ ಗುಂಡು. ಶಾಟ್‌ಗನ್ನಿನ ಒಂದು ತೋಟಾದೊಳಗೆ (ಕಾರ್ಟ್ರಿಜ್) ಸಾಸಿವೆಗಿಂತ ಸ್ವಲ್ಪ ದೊಡ್ಡ, ಎರಡೂವರೆ ಮಿಲಿಮೀಟರ್‌ಗೂ ಕಮ್ಮಿ ಗಾತ್ರದ ಚರೆಗಳು ಮುನ್ನೂರಕ್ಕೂ ಹೆಚ್ಚು ಇರುತ್ತವೆ. ಅವೆಲ್ಲ ಒಟ್ಟಿಗೆ ಹೊರಟು ದೂರ ಹೋದಂತೆ ಹರಡಿಕೊಳ್ಳುತ್ತವೆ.

ಮದುವೆ ಮನೆಯಲ್ಲಿ ಅಕ್ಷತೆ ಎಸೆಯುವುದನ್ನು ನೆನೆಸಿಕೊಳ್ಳಿ. ಮಂಟಪದ ಪಕ್ಕದಲ್ಲೇ ನಿಂತು ಎಸೆದರೆ ಹಿಡಿ ಅಕ್ಕಿಯೂ ಒಂದೇ ಕಡೆ ಬೀಳುತ್ತದೆ. ನಾಲ್ಕು ಹೆಜ್ಜೆ ಹಿಂದೆ ನಿಂತರೆ ವಧುವರರ ಮೇಲೆ ಚೆನ್ನಾಗಿ ಹರಡಿ ಬೀಳುತ್ತದೆ. ಹಾಲಿನ ಕೊನೆಯಿಂದ ಎಸೆದರೆ ಮುಂದಿನ ಸಾಲಿನವರ ತಲೆಗೆ. ಶಾಟ್‌ಗನ್ನಿನ ಲೆಕ್ಕವೂ ಇದೇ. 20ರಿಂದ 40 ಮೀಟರ್ ದೂರದಲ್ಲಿ ಚರೆಗಳ ಮೋಡ ಬಿಲ್ಲೆ ಒಡೆಯಲು ತಕ್ಕಷ್ಟು ಅಗಲವಾಗಿ, ತಕ್ಕಷ್ಟು ದಟ್ಟವಾಗಿ ಇರುತ್ತದೆ.

ಇದರಿಂದ ಎರಡು ವಿಷಯ ತಿಳಿದುಕೊಳ್ಳಬೇಕು. ಒಂದು, ಹತ್ತಿರದಲ್ಲಿ ಚರೆ ಇನ್ನೂ ಹರಡಿರುವುದಿಲ್ಲ. ಅದು ಒಂದೇ ಮುದ್ದೆ. ಕೆಲವೇ ಅಡಿ ದೂರದಲ್ಲಿ ಇದಕ್ಕಿಂತ ಭಯಂಕರವಾದ ಆಯುಧ ಕಮ್ಮಿ. ಇನ್ನೊಂದು, ತಪ್ಪಿದ ಚರೆ ಅಲ್ಲೇ ಮಾಯವಾಗುವುದಿಲ್ಲ. 200 ಮೀಟರ್‌ಗೂ ಆಚೆ ಹೋಗಿ ಬೀಳಬಹುದು. ಅದಕ್ಕೇ ಒಳ್ಳೆಯ ಮೈದಾನದ ಮುಂದೆ ಜನ, ದನ, ರಸ್ತೆ ಇಲ್ಲದ ದೊಡ್ಡ ಖಾಲಿ ಜಾಗ ಬಿಟ್ಟಿರುತ್ತಾರೆ. ಯಾರೋ ಪರಿಚಯದವರ ಹಿತ್ತಲಿನಲ್ಲಿ ಕೈಯಲ್ಲಿ ಬಿಲ್ಲೆ ಎಸೆದು ಮಕ್ಕಳಿಗೆ ಆಡಿಸ್ತೀವಿ ಅಂದರೆ ಬೇಡ ಅನ್ನಿ. ಮುಜುಗರ ಬೇಡ.

ಎಷ್ಟು ವಯಸ್ಸಿಗೆ?

ಇಂಗ್ಲೆಂಡಿನ ಕಾನೂನು ಕೇಳಿದರೆ ನಮ್ಮವರಿಗೆ ಆಶ್ಚರ್ಯ ಆಗುತ್ತದೆ. ಶಾಟ್‌ಗನ್ ಸರ್ಟಿಫಿಕೇಟಿಗೆ, ಅಂದರೆ ಪೊಲೀಸರು ಕೊಡುವ ಲೈಸೆನ್ಸಿಗೆ, ಅಲ್ಲಿ ಕನಿಷ್ಠ ವಯಸ್ಸೇ ಇಲ್ಲ. ಆದರೆ 15 ತುಂಬದವರ ಕೈಯಲ್ಲಿ ಜೋಡಿಸಿದ ಶಾಟ್‌ಗನ್ ಇರಬೇಕಾದರೆ 21 ದಾಟಿದವರೊಬ್ಬರ ಮೇಲ್ವಿಚಾರಣೆ ಬೇಕೇ ಬೇಕು. ಇಲ್ಲವಾದರೆ ಅದು ಹೊಡೆಯಲಾಗದ ಹಾಗೆ ಭದ್ರವಾಗಿ ಚೀಲದೊಳಗೆ ಇರಬೇಕು. 18 ತುಂಬದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಕೊಳ್ಳುವಂತಿಲ್ಲ. ಸರ್ಟಿಫಿಕೇಟ್ ಇಲ್ಲದವರು ಒಮ್ಮೆ ಆಡಿ ನೋಡುವುದಕ್ಕೂ ದಾರಿ ಇದೆ. ಪೊಲೀಸರು ಒಪ್ಪಿಗೆ ಕೊಟ್ಟ ಜಾಗದಲ್ಲಿ, ಒಪ್ಪಿಗೆ ಕೊಟ್ಟ ಹೊತ್ತಿನಲ್ಲಿ ಬಿಲ್ಲೆಗೆ ಹೊಡೆಯಬಹುದು. ತಂಗಿಯ ಮಗನಿಗೆ ಬಂದ ಕರೆ ಈ ಬಗೆಯದು. ಇದರ ಮೇಲೆ ಪ್ರತಿ ಮೈದಾನವೂ ತನ್ನದೇ ವಯಸ್ಸಿನ ಮಿತಿ ಇಟ್ಟುಕೊಂಡಿರಬಹುದು. ಹಾಗಾಗಿ ಮೊದಲು ಫೋನ್ ಮಾಡಿ ಕೇಳುವುದು ಒಳ್ಳೆಯದು.

ಕಾನೂನು ಬಿಡಿ. ಮಗು ತಯಾರಿದೆಯಾ ಅಂತ ನೋಡುವುದು ಹೇಗೆ? ಹುಟ್ಟಿದ ತಾರೀಕಿಗಿಂತ ಮೂರು ವಿಷಯ ಮುಖ್ಯ. "ನಿಲ್ಲು" ಅಂದ ತಕ್ಷಣ ನಿಲ್ಲುತ್ತದಾ, ಅಥವಾ ಮೂರು ಸಲ ಹೇಳಬೇಕಾ? ಖಾಲಿ ಕೋವಿಯನ್ನು ಹೆಗಲಿಗೆ ಇಟ್ಟು ಹತ್ತು ಹದಿನೈದು ಸೆಕೆಂಡ್ ತನ್ನ ಬಲದಲ್ಲೇ ಹಿಡಿಯುತ್ತದಾ? ಅದಕ್ಕೆ ನಿಜವಾಗಿಯೂ ಆಸೆ ಇದೆಯಾ, ಅಥವಾ ಅಪ್ಪನಿಗೆ ಮಾತ್ರ ಆಸೆಯಾ?

ಎರಡನೆಯದಕ್ಕೆ ಒಂದು ಗುರುತು ಹೇಳುತ್ತೇನೆ. ಪಕ್ಕದಿಂದ ಮಗುವಿನ ಬೆನ್ನು ನೋಡಿ. ಕೋವಿ ಜಾಸ್ತಿ ಭಾರವಾದರೆ ಮಗು ತುಂಬಿದ ಕೊಡ ಎತ್ತಿದವರ ಹಾಗೆ ಸೊಂಟ ಮುಂದೆ ಮಾಡಿ, ಬೆನ್ನು ಹಿಂದಕ್ಕೆ ಬಾಗಿಸುತ್ತದೆ. ಆ ಭಂಗಿಯಲ್ಲಿ ಹೊಡೆದರೆ ಕೋವಿಯ ಒದೆತಕ್ಕೆ ಹಿಂದಕ್ಕೆ ಮುಗ್ಗರಿಸುತ್ತದೆ. ಸರಿಯಾದ ಭಂಗಿಯಲ್ಲಿ ಎದೆ ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ, ಮುಂದಿನ ಕಾಲಿನ ಮೇಲೆ ಭಾರ ಇರುತ್ತದೆ. ಬೆನ್ನು ಹಿಂದಕ್ಕೆ ಬಾಗಿತು ಅಂದರೆ ಇವತ್ತು ಬೇಡ, ಇನ್ನೊಂದೆರಡು ವರ್ಷ ಆಗಲಿ ಅಂತ ಅರ್ಥ. ಅಷ್ಟರವರೆಗೆ ಲೇಸರ್ ಕ್ಲೇ ಶೂಟಿಂಗ್ ಇದೆ. ಕೋವಿಯಂಥದ್ದೇ ಸಾಧನ, ಆದರೆ ಹೊರಡುವುದು ಕಣ್ಣಿಗೆ ಕಾಣದ ಬೆಳಕು ಮಾತ್ರ. ಒದೆತ ಇಲ್ಲ, ಚರೆ ಇಲ್ಲ.

ಹಗುರ ಕೋವಿಯೇ ಜೋರಾಗಿ ಒದೆಯುತ್ತದೆ

ಎಲ್ಲರೂ ಎಡವುವುದು ಇಲ್ಲೇ. ಮಗು ಚಿಕ್ಕದು, ಹಾಗಾಗಿ ಅತಿ ಚಿಕ್ಕ, ಅತಿ ಹಗುರ ಕೋವಿ ಕೊಡೋಣ ಅನ್ನಿಸುತ್ತದೆ. ಸರಿ ಅನ್ನಿಸುವ ಮಾತು, ಆದರೆ ಪೂರ್ತಿ ಸರಿಯಲ್ಲ.

ಹರಿಗೋಲಿನಿಂದ ದಡಕ್ಕೆ ಹಾರಿದ್ದೀರಾ? ನೀವು ಮುಂದೆ ಹಾರಿದರೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ. ಜನ ತುಂಬಿದ ಹರಿಗೋಲು ಸ್ವಲ್ಪವೇ ಸರಿಯುತ್ತದೆ, ಖಾಲಿ ಹರಿಗೋಲು ಸರ್ರನೆ ಹೋಗಿಬಿಡುತ್ತದೆ. ಇಲ್ಲಿ ಹಾರುವುದು ಚರೆ, ಹರಿಗೋಲು ಅಂದರೆ ಕೋವಿ. ಒಂದೇ ತೋಟಾವನ್ನು ಮೂರೂವರೆ ಕಿಲೋ ಕೋವಿಯಿಂದಲೂ ಎರಡೂವರೆ ಕಿಲೋ ಕೋವಿಯಿಂದಲೂ ಹೊಡೆದರೆ, ಹಗುರವಾದದ್ದರ ಒದೆತದ ಶಕ್ತಿ ಸುಮಾರು ಶೇ. 40ರಷ್ಟು ಜಾಸ್ತಿ. ಆದ್ದರಿಂದ ಕೋವಿಯ ಭಾರ ಇಳಿಸಿದರೆ ತೋಟಾದ ಭಾರವನ್ನೂ ಇಳಿಸಬೇಕು. ದೊಡ್ಡವರು ಸಾಮಾನ್ಯವಾಗಿ ಬಳಸುವುದು 28 ಗ್ರಾಂ ಚರೆಯ ತೋಟಾ. ಮಗುವಿಗೆ 21 ಗ್ರಾಂ ಅಥವಾ ಅದಕ್ಕಿಂತ ಕಮ್ಮಿ ಇರುವುದು ಬೇಕು. "ಎಷ್ಟು ಗ್ರಾಂ ಹಾಕ್ತೀರಾ?" ಅಂತ ಕೋಚ್‌ಗೆ ಕೇಳಿ. ಈ ಪ್ರಶ್ನೆ ಕೇಳಿದ ಅಪ್ಪ ಅಮ್ಮನನ್ನು ಯಾವ ಕೋಚ್ ಆದರೂ ಗಂಭೀರವಾಗಿ ತೆಗೆದುಕೊಳ್ಳುತ್ತಾನೆ.

ಇನ್ನು ಬೋರ್ ಅಂದರೇನು? ಅದು ನಳಿಗೆಯ ಒಳಗಿನ ಅಗಲದ ಹಳೇ ಲೆಕ್ಕ. ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡುಗಳಾಗಿ ಮಾಡಿದರೆ, ಅದರಲ್ಲಿ ಒಂದು ಗುಂಡು ಹಿಡಿಸುವ ನಳಿಗೆ 12 ಬೋರ್. 20 ಮಾಡಿದರೆ ಗುಂಡು ಸಣ್ಣದಾಗುತ್ತದೆ ಅಲ್ವಾ? ಅದು 20 ಬೋರ್. ಹಾಗಾಗಿ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. 12 ಬೋರ್ ಸುಮಾರು 18.5 ಮಿಲಿಮೀಟರ್, 20 ಬೋರ್ 15.6, 28 ಬೋರ್ 14. ಪಾಯಿಂಟ್ 410 ಅನ್ನುವುದು ಮಾತ್ರ ಈ ಲೆಕ್ಕಕ್ಕೆ ಸೇರದು. ಅದು ನೇರವಾಗಿ ಇಂಚಿನ ಅಳತೆ, 10 ಮಿಲಿಮೀಟರ್ ಚಿಲ್ಲರೆ.

ಅಜ್ಜಂದಿರು ಮೊಮ್ಮಕ್ಕಳಿಗೆ ಕೊಡುತ್ತಿದ್ದುದು ಈ 410. ಹಗುರ, ಒದೆತ ಕಮ್ಮಿ. ಆದರೆ ಚರೆಯೂ ಅರ್ಧದಷ್ಟೇ. ಅಕ್ಷತೆ ಅರ್ಧ ಹಿಡಿ ಆಯಿತು ಅನ್ನಿ. ಹಾರುವ ಬಿಲ್ಲೆಗೆ ತಗುಲಿಸುವುದು ನುರಿತವರಿಗೇ ಕಷ್ಟ. ಹತ್ತು ಸಲ ತಪ್ಪಿದ ಮಗು "ನಂಗೆ ಬರಲ್ಲ" ಅಂತ ಕೈಬಿಡುತ್ತದೆ. ಅದಕ್ಕೇ ಸ್ವಲ್ಪ ಬೆಳೆದ ಮಕ್ಕಳಿಗೆ 28 ಅಥವಾ 20 ಬೋರ್, ಅದರಲ್ಲಿ ಹಗುರ ತೋಟಾ ಹಾಕಿ ಶುರು ಮಾಡಿಸುವ ಕೋಚ್‌ಗಳು ಬಹಳ. ಹಿಂಬದಿಯ ಮರದ ಹಿಡಿ ಮಗುವಿನ ಕೈಗೆ ಅಳತೆ ಆಗಬೇಕು. ಉದ್ದವಾದರೆ ಅದು ಹೆಗಲ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಜಾರುತ್ತದೆ, ಮರುದಿನ ನೀಲಿಗಟ್ಟುತ್ತದೆ.

ಹಳದಿ ತೋಟಾದ ವಿಚಾರ

ಇದು ಚಿಕ್ಕ ವಿಷಯ, ಆದರೆ ಬಿಡುವಂತಿಲ್ಲ. 20 ಬೋರಿನ ತೋಟಾಗಳು ಸಾಮಾನ್ಯವಾಗಿ ಹಳದಿ ಬಣ್ಣದಲ್ಲೇ ಇರುತ್ತವೆ. ಚಂದಕ್ಕಲ್ಲ. 20 ಬೋರಿನ ತೋಟಾ ತಪ್ಪಿ 12 ಬೋರಿನ ಕೋವಿಗೆ ಬಿದ್ದರೆ ಅದು ಕೆಳಗೂ ಬೀಳುವುದಿಲ್ಲ, ಬಾಯಲ್ಲೂ ನಿಲ್ಲುವುದಿಲ್ಲ. ನಳಿಗೆಯೊಳಗೆ ಸ್ವಲ್ಪ ಜಾರಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಕಾಣುತ್ತದೆ. ಆಗ ಇನ್ನೊಂದು 12 ಬೋರಿನ ತೋಟಾ ಹಾಕಿ ಹೊಡೆದರೆ ನಳಿಗೆಯೇ ಸಿಡಿಯಬಹುದು, ಹೊಡೆದವರ ಕೈ ಹೋಗಬಹುದು.

ಇದು ಆಗುವುದು ಯಾವಾಗ? ಅಪ್ಪ 12 ಬೋರ್ ಹೊಡೆಯುತ್ತಾ ಮಗಳು 20 ಬೋರ್ ಹೊಡೆಯುವಾಗ, ಇಬ್ಬರ ತೋಟಾವೂ ಒಂದೇ ಜೇಬಿನಲ್ಲಿ ಇದ್ದಾಗ. ಮಗು ಹೊಡೆಯುವ ದಿನ ಅಪ್ಪ ಹೊಡೆಯದೆ ಇದ್ದರೆ ಈ ಅಪಾಯ ಬಹಳ ಕಮ್ಮಿ.

ಮಡಚಿದ್ದರೆ ಖಾಲಿ

ಈಗ ನಿಜವಾದ ವಿಷಯಕ್ಕೆ ಬರೋಣ. ಕ್ಲೇ ಆಟದಲ್ಲಿ ಬಹಳ ಬಳಕೆಯಲ್ಲಿರುವ ಕೋವಿಗೆ ಒಂದರ ಮೇಲೊಂದು ಎರಡು ನಳಿಗೆ. ನಡುವಿನಲ್ಲಿ ಕೀಲು ಇರುತ್ತದೆ. ಮೇಲಿನ ಸಣ್ಣ ಹಿಡಿಕೆ ಪಕ್ಕಕ್ಕೆ ತಳ್ಳಿದರೆ ಕೋವಿ ನಡುವಿಗೆ ಮಡಚಿಕೊಳ್ಳುತ್ತದೆ. ಆಗ ಎರಡು ನಳಿಗೆಯ ಹಿಂಬಾಯಿ ಎದುರಿಗೇ ಕಾಣುತ್ತದೆ. ತೋಟಾ ಇದೆಯೋ ಇಲ್ಲವೋ ಹತ್ತು ಹೆಜ್ಜೆ ಆಚೆ ನಿಂತವರಿಗೂ ಗೊತ್ತಾಗುತ್ತದೆ. ಮಡಚಿದ ಕೋವಿ ಹಾರುವುದೂ ಇಲ್ಲ.

ಈ ಕೀಲಿನ ಮೇಲೆಯೇ ಮೈದಾನದ ಶಿಸ್ತೆಲ್ಲ ನಿಂತಿದೆ. ನಡೆದಾಡುವಾಗ ಕೋವಿ ಮಡಚಿರಬೇಕು, ಖಾಲಿ ಇರಬೇಕು. ಇನ್ನೊಬ್ಬರಿಗೆ ಕೊಡುವಾಗ ಮಡಚಿ ಕೊಡಬೇಕು. ಹೊಡೆಯುವ ಜಾಗದಲ್ಲಿ ನಿಂತು, ಮುಂದಕ್ಕೆ ಮುಖ ಮಾಡಿದ ಮೇಲೆಯೇ ತೋಟಾ ಹಾಕಿ ಮುಚ್ಚಬೇಕು. ಕೆಲವು ಕೋವಿಗಳು ಮಡಚುವುದಿಲ್ಲ, ತಾವೇ ತೋಟಾ ತುಂಬಿಕೊಳ್ಳುತ್ತವೆ. ಅವುಗಳ ಒದೆತ ಮೆತ್ತಗಿರುತ್ತದೆ ಅಂತ ಮಕ್ಕಳಿಗೆ ಕೊಡುವುದುಂಟು. ಅವು ಖಾಲಿ ಇವೆ ಅಂತ ತೋರಿಸಲು ಬಣ್ಣದ ಸಣ್ಣ ಬಾವುಟ ಸಿಕ್ಕಿಸುತ್ತಾರೆ.

ಸೇಫ್ಟಿ ಕ್ಯಾಚ್ ಇದೆಯಲ್ಲ ಅಂತ ಕೇಳಬಹುದು. ಅದು ಸಾಮಾನ್ಯವಾಗಿ ಟ್ರಿಗರನ್ನು ಮಾತ್ರ ತಡೆಯುತ್ತದೆ. ಕೆಳಗೆ ಬಿದ್ದ ಕೋವಿ, ಸವೆದ ಕೋವಿ ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ಆ ಗುಂಡಿಯನ್ನು ನಂಬಿ ಯಾರ ಕಡೆಗೂ ನಳಿಗೆ ತಿರುಗಿಸುವಂತಿಲ್ಲ.

ಮಗುವಿಗೆ ಕಲಿಸುವುದು ಮೂರೇ ಮಾತು. ನಳಿಗೆ ಯಾವಾಗಲೂ ಮುಂದಿನ ಬಯಲಿನ ಕಡೆ ಇರಲಿ. ಬಿಲ್ಲೆ ಕಾಣುವವರೆಗೆ ಬೆರಳು ಟ್ರಿಗರ್ ಮುಟ್ಟದಿರಲಿ. "ಸ್ಟಾಪ್" ಅಂತ ಯಾರೇ ಕೂಗಿದರೂ, ಚಿಕ್ಕವರು ಕೂಗಿದರೂ, ಹೊಡೆಯುವಂತಿಲ್ಲ. ಇನ್ನೊಂದನ್ನು ದೊಡ್ಡವರು ನೋಡಿಕೊಳ್ಳಬೇಕು. ಟ್ರಿಗರ್ ಎಳೆದರೂ ಸದ್ದು ಬರದಿದ್ದರೆ ನಳಿಗೆಯನ್ನು ಬಯಲಿನ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಢಂ ಅನ್ನುವ ಬದಲು ಠುಸ್ ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಏನಾದರೂ ಒಳಗೆ ಸಿಕ್ಕಿಕೊಂಡಿರಬಹುದು. ಕೋಚ್ ಕೋವಿ ಖಾಲಿ ಮಾಡಿ ನಳಿಗೆಯೊಳಗೆ ಬೆಳಕು ಕಾಣುತ್ತದಾ ಅಂತ ನೋಡಬೇಕು.

ಇಷ್ಟೆಲ್ಲ ಹೇಳಿಕೊಟ್ಟರೂ ಮಗು ತಪ್ಪು ಮಾಡುತ್ತದೆ. ಯಾವ ಗಳಿಗೆಯಲ್ಲಿ ಗೊತ್ತಾ? ತಪ್ಪಿದಾಗ ಅಲ್ಲ. ಮೊದಲ ಬಿಲ್ಲೆ ಒಡೆದಾಗ! ಖುಷಿಯಿಂದ "ಅಮ್ಮಾ ನೋಡಿದ್ಯಾ?" ಅಂತ ತಿರುಗಿಬಿಡುತ್ತದೆ. ದೇಹದ ಜೊತೆ ನಳಿಗೆಯೂ ತಿರುಗುತ್ತದೆ. ಒಳ್ಳೆಯ ಕೋಚ್ ಇದನ್ನು ಮೊದಲೇ ಲೆಕ್ಕ ಹಾಕಿರುತ್ತಾನೆ. ಎರಡು ನಳಿಗೆ ಇದ್ದರೂ ಒಂದೇ ತೋಟಾ ಹಾಕುತ್ತಾನೆ. ಹೊಡೆದ ಮೇಲೆ ಕೋವಿ ಖಾಲಿ, ತಿರುಗಿದರೂ ಖಾಲಿ ಕೋವಿಯೇ ತಿರುಗುವುದು. ಜೊತೆಗೆ ಕೋಚ್ ಮಗುವಿನ ಹೆಗಲಿಗೆ ಅಂಟಿಕೊಂಡ ಹಾಗೆ ನಿಂತಿರುತ್ತಾನೆ, ಕೈ ನಳಿಗೆ ಹಿಡಿಯಲು ತಯಾರಿರುತ್ತದೆ. ಹಲವು ಕಡೆ ಕಬ್ಬಿಣದ ಚೌಕಟ್ಟಿನೊಳಗೆ ನಿಲ್ಲಿಸುತ್ತಾರೆ, ನಳಿಗೆ ಪಕ್ಕಕ್ಕೆ ಜಾಸ್ತಿ ಹೋಗದಂತೆ ಅದು ತಡೆಯುತ್ತದೆ. ನಿಮ್ಮ ಪಾಲಿನ ಕೆಲಸ ಒಂದೇ. ಹಿಂದಿನಿಂದ ಮಗುವಿನ ಹೆಸರು ಹಿಡಿದು ಕೂಗಬೇಡಿ. "ಈ ಕಡೆ ನೋಡು ಪುಟ್ಟ, ವಿಡಿಯೋ" ಅಂತೂ ಬೇಡವೇ ಬೇಡ.

ಕಿವಿ, ಕಣ್ಣು, ಕೈ

ಶಾಟ್‌ಗನ್ನಿನ ಸದ್ದು 140 ಡೆಸಿಬೆಲ್ ದಾಟುತ್ತದೆ. ಒಂದೇ ಸಲಕ್ಕೂ ಕಿವಿಗೆ ಶಾಶ್ವತ ಪೆಟ್ಟು ಬೀಳಬಹುದು. ದೀಪಾವಳಿ ಪಟಾಕಿಗೆ ಕಿವಿ ಮುಚ್ಚಿಕೊಂಡ ಹಾಗೆ ಸುಮ್ನೆ ಬೆರಳು ಇಟ್ಟರೆ ಸಾಲದು. ಒಳಗೆ ಸ್ಪಂಜಿನ ಬಿರಡೆ, ಮೇಲೆ ಇಯರ್ ಮಫ್, ಎರಡೂ ಇದ್ದರೆ ಒಳ್ಳೆಯದು. ದೊಡ್ಡವರ ಮಫ್ ಮಗುವಿನ ತಲೆಗೆ ಸಡಿಲ. ಪಕ್ಕದಲ್ಲಿ ಒಂದು ಬೆರಳು ಹೋಗುವಷ್ಟು ಸಂದು ಇದ್ದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ನೋಡಲು ಬಂದ ತಂಗಿ ತಮ್ಮಂದಿರಿಗೂ ಮಫ್ ಬೇಕು. ಸ್ಟ್ರಾಲರಿನಲ್ಲಿ ಮಲಗಿದ ಪಾಪುವನ್ನು ಮೈದಾನಕ್ಕೆ ಕರೆತರದೇ ಇರುವುದು ಮೇಲು.

ಕಣ್ಣಿಗೆ ಗಟ್ಟಿ ಕನ್ನಡಕ, ತಲೆಗೆ ಮುಂದೆ ಚಾಚಿದ ಟೋಪಿ ಬೇಕು. ಒಡೆದ ಬಿಲ್ಲೆಯ ಚೂರು ಗಾಳಿಗೆ ಹಿಂದಕ್ಕೂ ಬರುತ್ತದೆ. ಖಾಲಿ ತೋಟಾ ಬಿಸಿಯಾಗಿ ಹೊರಗೆ ಚಿಮ್ಮುತ್ತದೆ.

ಇನ್ನು ಕೈ. ಚರೆ ಬಹಳ ಕಡೆ ಈಗಲೂ ಸೀಸದ್ದೇ. ದೊಡ್ಡವರಿಗಿಂತ ಮಕ್ಕಳಿಗೆ ಸೀಸ ಹೆಚ್ಚು ಕೆಡುಕು. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳು ಖಾಲಿ ತೋಟಾ ಆರಿಸಿ ಜೇಬು ತುಂಬಿಸಿಕೊಳ್ಳುತ್ತಾರೆ, ಅದೇ ಕೈಯಲ್ಲಿ ಚಿಪ್ಸ್ ತಿನ್ನುತ್ತಾರೆ. ಸೋಪು ಹಾಕಿ ಕೈ ತೊಳೆಸಿ, ಆಮೇಲೆ ಡಬ್ಬಿ ತೆಗೆಯಿರಿ. ಮನೆಗೆ ಬಂದ ಮೇಲೆ ಬಟ್ಟೆ ನೇರ ವಾಷಿಂಗ್ ಮಷೀನಿಗೆ.

ಯಾವ ಕಣ್ಣು ಯಜಮಾನ?

ಇದನ್ನು ಮನೆಯಲ್ಲೇ ನೋಡಬಹುದು. ಎರಡು ಕೈ ಮುಂದೆ ಚಾಚಿ, ಹೆಬ್ಬೆರಳು ಮತ್ತು ಬೆರಳುಗಳನ್ನು ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಲು ಮಗುವಿಗೆ ಹೇಳಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ಗೋಡೆ ಗಡಿಯಾರ ನೋಡಲಿ. ಈಗ ಎಡಗಣ್ಣು ಮುಚ್ಚಲಿ. ಗಡಿಯಾರ ಹಾಗೇ ಕಂಡರೆ ಬಲಗಣ್ಣು ಯಜಮಾನ. ಗಡಿಯಾರ ಕಿಂಡಿಯಿಂದ ಆಚೆ ಸರಿದರೆ ಎಡಗಣ್ಣು.

ಇದೇಕೆ ಬೇಕು ಅಂದರೆ, ಶಾಟ್‌ಗನ್ನಿಗೆ ಸರಿಯಾದ ಗುರಿ ಕಿಂಡಿ ಇರುವುದಿಲ್ಲ. ಕಣ್ಣೇ ಗುರಿ. ಬಲ ಹೆಗಲಿನಲ್ಲಿ ಕೋವಿ ಇಟ್ಟ ಮಗುವಿಗೆ ಎಡಗಣ್ಣು ಯಜಮಾನನಾದರೆ, ಅದು ನೇರವಾಗಿ ಹಿಡಿದಿದ್ದೇನೆ ಅಂದುಕೊಂಡರೂ ನಳಿಗೆ ಬೇರೆ ಕಡೆ ನೋಡುತ್ತಿರುತ್ತದೆ. ಬೈದರೆ ಪ್ರಯೋಜನ ಇಲ್ಲ. ಎಡ ಹೆಗಲಿಗೆ ಬದಲಾಯಿಸಬೇಕು, ಅಥವಾ ಕನ್ನಡಕದ ಎಡ ಗಾಜಿಗೆ ಒಂದು ಸಣ್ಣ ಸ್ಟಿಕರ್ ಅಂಟಿಸಬೇಕು.

ಹಾರುವ ಬಿಲ್ಲೆ ಇರುವ ಜಾಗಕ್ಕೆ ಹೊಡೆದರೆ ಚರೆ ಹೋಗುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ. ಓಡುತ್ತಿರುವ ಗೆಳೆಯನಿಗೆ ಚೆಂಡು ಎಸೆಯುವಾಗ ಅವನ ಮುಂದಕ್ಕೆ ಎಸೆಯುತ್ತೇವಲ್ಲ, ಹಾಗೆ. ಲಗೋರಿ ಆಡಿದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನಮ್ಮ ಕಡೆ ಆದರೆ

ಭಾರತದಲ್ಲಿ ಕತೆ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ 21 ತುಂಬದವರು ಕೋವಿ ಇಟ್ಟುಕೊಳ್ಳುವಂತಿಲ್ಲ. ತರಬೇತಿಗೆ ಮಾತ್ರ ವಿನಾಯಿತಿ, ಅದೂ 12 ತುಂಬಿದ ಮೇಲೆ, ನಿಗಾ ಇದ್ದಾಗ. ಹಾಗಾಗಿ ಒಂಬತ್ತು ವರ್ಷದ ಮಗುವಿಗೆ ಇಲ್ಲಿ ಶಾಟ್‌ಗನ್ ಮಾತೇ ಇಲ್ಲ. ನಮ್ಮ ಮಕ್ಕಳು ಸಾಮಾನ್ಯವಾಗಿ 10 ಮೀಟರ್ ಏರ್ ರೈಫಲ್ಲಿನಿಂದ ಶುರು ಮಾಡುತ್ತಾರೆ. ಕ್ಲೇ ರೇಂಜುಗಳೂ ಕಮ್ಮಿ. ದೆಹಲಿಯ ತುಘಲಕಾಬಾದಿನಲ್ಲಿರುವ ಕರ್ಣಿ ಸಿಂಗ್ ರೇಂಜ್ ಎಲ್ಲರಿಗೂ ಗೊತ್ತಿರುವಂಥದ್ದು. 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಗೆದ್ದ ಬಿಕಾನೇರಿನ ಮಹಾರಾಜರ ಹೆಸರು ಅದು. 2024ರ ಪ್ಯಾರಿಸ್‌ನಲ್ಲಿ ಅನಂತ್‌ಜೀತ್ ಸಿಂಗ್ ನರುಕಾ ಮತ್ತು ಮಹೇಶ್ವರಿ ಚೌಹಾಣ್ ಜೋಡಿ ಸ್ಕೀಟ್ ಕಂಚನ್ನು ಒಂದೇ ಒಂದು ಅಂಕದಿಂದ ಕಳೆದುಕೊಂಡಿತು.

ಕೊಡಗಿನವರು ಇಲ್ಲಿ ಒಂದು ಮಾತು ಸೇರಿಸುತ್ತಾರೆ ಅಂತ ಗೊತ್ತು. ಪ್ರತಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಡುತ್ತಾರೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಅದು ಲೈಸೆನ್ಸಿನ ಮಾತು, ಮಗುವಿನ ಹೆಗಲಿನ ಮಾತಲ್ಲ. ತೆಂಗಿನಕಾಯಿ ಇದ್ದಲ್ಲೇ ಇರುತ್ತದೆ, ಬಿಲ್ಲೆ ಹಾರುತ್ತದೆ. ಎರಡರ ಕಲಿಕೆಯೂ ಬೇರೆ.

ಮೊದಲ ದಿನ

ತಂಗಿ ಮೈದಾನಕ್ಕೆ ಮೊದಲೇ ಫೋನ್ ಮಾಡಿದಳು. ನಾನು ಕೊಟ್ಟ ಪ್ರಶ್ನೆಗಳನ್ನೇ ಕೇಳಿದಳು. ಕೋಚ್ ತರಬೇತಿ ಪಡೆದವರಾ, ಒಬ್ಬ ಮಗುವಿಗೆ ಒಬ್ಬರೇ ಇರುತ್ತಾರಾ, ಒಂದೇ ತೋಟಾ ಹಾಕುತ್ತೀರಾ, ಮಕ್ಕಳ ಅಳತೆಯ ಮಫ್ ಇದೆಯಾ. ಬ್ರಿಟನ್ನಿನಲ್ಲಿ ಸಿಪಿಎಸ್‌ಎ, ಬಿಎಎಸ್‌ಸಿ ಅನ್ನುವ ಸಂಸ್ಥೆಗಳು ಕೋಚ್‌ಗಳನ್ನು ತಯಾರು ಮಾಡುತ್ತವೆ. ಆ ಹೆಸರು ಕೇಳಿದರೆ ಸಾಕು.

ಮೊದಲ ಭೇಟಿಯಲ್ಲಿ ಹುಡುಗ ಒಂದೂ ಹೊಡೆಯಲಿಲ್ಲ. ಕೋವಿ ಹೆಗಲಿಗೆ ಇಟ್ಟು ನೋಡಿದಾಗ ಅದೇ ಆಯಿತು, ಬೆನ್ನು ಹಿಂದಕ್ಕೆ ಬಾಗಿತು. ಬದಲಿಗೆ ಎಲ್ಲರಿಗೂ ಬಿಲ್ಲೆ ಹಾರಿಸುವ ಬಟನ್ ಒತ್ತುವ ಕೆಲಸ ಸಿಕ್ಕಿತು. ಅದೇ ಅವನಿಗೆ ಹಬ್ಬ. ಅಲ್ಲಿ ಅವನು ಕಲಿತದ್ದು ಜಾಸ್ತಿ. ಯಾರ ಕೋವಿ ಮಡಚಿದೆ, ಯಾರದ್ದು ಮುಚ್ಚಿದೆ ಅಂತ ದೂರದಿಂದಲೇ ಹೇಳುತ್ತಿದ್ದನಂತೆ.

ಎರಡನೇ ಭೇಟಿ ಹತ್ತು ತಿಂಗಳ ಮೇಲೆ, ಈ ವರ್ಷ. ಈಗ ಬೇರೆ ಕೋವಿ, ಅಳತೆಯ ಹಿಡಿ, ಹಗುರ ತೋಟಾ. ಮೊದಲ ಎರಡು ಹೊಡೆತ ದಿಬ್ಬದ ಮೇಲೆ ಸುಮ್ನೆ ಇಟ್ಟ ಬಿಲ್ಲೆಗೆ. ಆಮೇಲೆ ನಿಧಾನವಾಗಿ, ನೇರವಾಗಿ ದೂರ ಹೋಗುವ ಒಂದೇ ಬಗೆಯ ಬಿಲ್ಲೆ. ಒಟ್ಟು ಹನ್ನೆರಡು ತೋಟಾ, ಅಷ್ಟೇ. ಇನ್ನೂ ಬೇಕು ಅನ್ನುವಾಗಲೇ ಕೋಚ್ ನಿಲ್ಲಿಸಿದ. ದಣಿದ ಮಗು ಮೊದಲು ಕೋವಿಯ ಹಿಡಿಯಿಂದ ಕೆನ್ನೆ ಎತ್ತುತ್ತದೆ, ಆಮೇಲೆ ನಳಿಗೆ ಎತ್ತ ನೋಡುತ್ತಿದೆ ಅನ್ನುವುದನ್ನೇ ಮರೆಯುತ್ತದೆ.

"ಆರನೇದು ಒಡೀತು ಅಣ್ಣ," ಅಂದಳು ತಂಗಿ. "ಒಡೆದ ತಕ್ಷಣ ಅವನು ತಿರುಗೇಬಿಟ್ಟ, 'ಅಮ್ಮಾ' ಅಂತ. ಎಷ್ಟು ಸಲ ಹೇಳಿದ್ದೆ ಗೊತ್ತಾ?"

"ಆಮೇಲೆ?"

"ಏನಿಲ್ಲ. ಅಷ್ಟರಲ್ಲಿ ಕೋಚ್ ನಳಿಗೆ ಹಿಡಿದಿದ್ದ. ಮಡಚಿ ತೋರಿಸಿದ, ಖಾಲಿ. ಇವನ ಮುಖ ಸಪ್ಪಗಾಯ್ತು. ಆಮೇಲೆ ಆರೂ ಹೊಡೆತಕ್ಕೂ ಹೊಡೆದು, ಮಡಚಿ, ಕೋವಿ ಕೊಟ್ಟು, ಆಮೇಲೆ ತಿರುಗಿದ."

ಒಡೆದ ಬಿಲ್ಲೆಯ ಕಿತ್ತಳೆ ಚೂರೊಂದು ಈಗ ಅವನ ಕಂಪಾಸ್ ಬಾಕ್ಸಿನಲ್ಲಿದೆ. ಸೋಪು ಹಾಕಿ ಎರಡು ಸಲ ತೊಳೆದಿದ್ದಾಳಂತೆ.